ಏಳಡಿ ಆಳು ಬರುವ ತನಕ

ತಂಡಕ್ಕೆ ಏಳಡಿಯ ಆಟಗಾರ ಬೇಕಿತ್ತು. ಅವನು ಸಿಗುವ ತನಕ ರಿಂಗಿನ ಕೆಳಗೆ ಅಕ್ಕ ನಿಂತಳು. ಅವಳ ಎತ್ತರ ಐದಡಿಗೆ ಒಂದಿಂಚು ಕಡಿಮೆ.

ಅಕ್ಕ ಎಂದರೆ ಹಾಲ್ ಗುಡಿಸುವವಳು. ಸಂಬಳಕ್ಕೆ ಬ್ಯಾಸ್ಕೆಟ್‌ಬಾಲ್ ಆಡುವವರ ಹಾಲ್ ಅದು. ಹತ್ತೊಂಬತ್ತು ವರ್ಷದಿಂದ ಅಲ್ಲೇ ಕೆಲಸ. ಎಷ್ಟೋ ಆಟಗಾರರು ಬಂದರು, ಹೋದರು. ಅಕ್ಕ ಅಂತ ಮೊದಲು ಕರೆದವನು ಯಾರು ಅಂತ ಅವಳಿಗೂ ನೆನಪಿಲ್ಲ. ಗಂಡನೂ ಅಲ್ಲೇ ಇದ್ದ. ಮರದ ನೆಲ ಉಜ್ಜುವುದು, ಎದ್ದ ಹಲಗೆ ಕೂರಿಸುವುದು, ಗೆರೆಗೆ ಬಣ್ಣ ಹಚ್ಚುವುದು ಅವನ ಪಾಲು. ಏಳು ತಿಂಗಳ ಹಿಂದೆ ಒಂದು ಮಧ್ಯಾಹ್ನ ಅದೇ ನೆಲದ ಮೇಲೆ ಎದೆ ಹಿಡಿದುಕೊಂಡು ಕೂತ. ಮತ್ತೆ ಏಳಲಿಲ್ಲ.

ಅವನಿಗೆ ಆಟದ ಹುಚ್ಚು. ಪ್ರತಿ ವರ್ಷ ಸೀಸನ್ ಮುಗಿದ ಕೂಡಲೇ ತಟ್ಟೆ ಮುಂದೆ ಕೂತು ಶುರು ಹಚ್ಚುತ್ತಿದ್ದ.

"ನಮಗೆ ಉದ್ದದವನೊಬ್ಬ ಬೇಕು ಕಣೇ. ದೂರದಿಂದ ಹಾಕೋನು ಒಬ್ಬ ಬೇಕು. ಎಲ್ಲಾ ನಾನೇ ಅನ್ನದೆ ಇನ್ನೊಬ್ಬನಿಗೂ ಚೆಂಡು ಕೊಡೋನು ಒಬ್ಬ ಬೇಕು."

"ನನಗೆ ಸೋರದೇ ಇರೋ ನಲ್ಲಿ ಬೇಕು. ಅದನ್ನ ಯಾವ ಪಟ್ಟಿಗೆ ಹಾಕ್ತೀರಾ?"

"ಅದು ಮುಂದಿನ ಸೀಸನ್ನಿಗೆ."

ಈ ವರ್ಷ ಸೀಸನ್ ಮುಗಿದಾಗ ಆ ಮಾತು ಹೇಳುವವರು ಮನೆಯಲ್ಲಿರಲಿಲ್ಲ. ಹಾಲ್‌ನಲ್ಲಿ ಕೋಚ್ ಸಾರ್ ಹೇಳಿದರು. ಅದನ್ನೇ ಹೇಳಿದರು. ಇದ್ದ ಒಬ್ಬ ಉದ್ದದವನು ಮಂಡಿ ಕೆಟ್ಟು ಆಟ ಬಿಟ್ಟಿದ್ದ. ರಿಂಗಿನ ಕೆಳಗಿನ ಜಾಗ ಬಾಗಿಲಿಲ್ಲದ ಮನೆ ಆಗಿತ್ತು. ಎದುರಾಳಿಗಳು ನುಗ್ಗಿ, ಚೆಂಡು ಹಾಕಿ, ಕೈ ಒರೆಸಿಕೊಂಡು ಹೋಗುತ್ತಿದ್ದರು. ಕೊನೆಯ ಒಂಬತ್ತು ಆಟದಲ್ಲಿ ಏಳು ಸೋತರು. ಬೇಕಾದವರು ಮೂವರು. ತಂಡದ ಆಫೀಸಿನವರು ಕೊಟ್ಟಿದ್ದು ಒಬ್ಬನಿಗೆ ಜಾಗ.

ಹುಡುಕಾಟ ನಡೆದಿತ್ತು. ಅಭ್ಯಾಸ ನಿಲ್ಲಿಸುವಂತಿರಲಿಲ್ಲ. ಒಂದು ಬೆಳಿಗ್ಗೆ ಅಕ್ಕ ರಿಂಗಿನ ಹಿಂದೆ ನಿಂತು ಉದ್ದ ಕೋಲಿನ ಪೊರಕೆಯಿಂದ ಜೇಡರ ಬಲೆ ಹೊಡೆಯುತ್ತಿದ್ದಳು. ತಂಡದಲ್ಲಿ ಗಡಿಬಿಡಿ ಎಂಬ ಹುಡುಗನಿದ್ದ. ನಿಂತಲ್ಲಿ ನಿಲ್ಲದವನು. ಅವನು ನೋಡದೆ ಚೆಂಡು ಎಸೆದ. ಚೆಂಡು ಪೊರಕೆಗೆ ಬಡಿದು ಅವನ ಕಾಲಬುಡಕ್ಕೇ ಬಂದು ಬಿತ್ತು.

"ಅಕ್ಕಾ, ಅಲ್ಲೇ ನಿಲ್ಲಿ!" ಕೋಚ್ ಸಾರ್ ಕೂಗಿದರು. "ಕೋಲು ಇಳಿಸ್ಬೇಡಿ. ಎರಡು ಹೆಜ್ಜೆ ಮುಂದೆ ಬನ್ನಿ."

"ತಲೆ ಮೇಲೆ ಬಿದ್ರೆ ಯಾರು ಜವಾಬ್ದಾರಿ?"

"ನಿಮ್ಮ ತಲೆ ಬಹಳ ಗಟ್ಟಿ ಅಂತ ಯಜಮಾನ್ರು ಹೇಳ್ತಿದ್ರು."

ಹುಡುಗರೆಲ್ಲ ಚೆಂಡು ಬಡಿಯುವುದು ನಿಲ್ಲಿಸಿದರು. ಏಳು ತಿಂಗಳಿಂದ ಅವಳ ಎದುರು ಆ ಮನುಷ್ಯನ ಸುದ್ದಿ ಯಾರೂ ಎತ್ತಿರಲಿಲ್ಲ. ಅಕ್ಕ ಕೋಚ್ ಸಾರ್ ಮುಖ ನೋಡಿದಳು. ಆಮೇಲೆ ನಕ್ಕಳು. "ಹೇಳ್ತಿದ್ರು, ಹೇಳ್ತಿದ್ರು. ಅವರದ್ದೇನು ಬೆಣ್ಣೆಯಾಗಿತ್ತಾ?" ಅಂದು ಎರಡು ಹೆಜ್ಜೆ ಮುಂದೆ ಬಂದಳು.

ಅಂದಿನಿಂದ ದಿನಾ ಹತ್ತು ಗಂಟೆಗೆ ರಿಂಗಿನ ಕೆಳಗೆ ಕಾಯುವ ಸೆಂಟರ್ ಅವಳೇ. ಕೋಲು ಎತ್ತಿ ಹಿಡಿದರೆ ಪೊರಕೆ ರಿಂಗಿನ ಹತ್ತಿರಕ್ಕೆ ಹೋಗುತ್ತಿತ್ತು. ಅದರ ಮೇಲಿಂದ ಚೆಂಡು ಹಾಕುವುದನ್ನು ಹುಡುಗರು ಕಲಿಯಬೇಕು. ಮೊದಲನೇ ವಾರ ಜಗಳವೋ ಜಗಳ. ರಿಂಗಿನೊಳಕ್ಕೆ ಇಳಿಯುತ್ತಿದ್ದ ಚೆಂಡನ್ನು ಅಕ್ಕ ಜೇಡರ ಬಲೆ ಎಳೆದಂತೆ ಎಳೆದು ಹಾಕುತ್ತಿದ್ದಳು.

"ಇಳೀತಿರೋ ಚೆಂಡು ಮುಟ್ಟಬಾರ್ದು ಅಕ್ಕ!" ಗಡಿಬಿಡಿ ಕುಣಿದಾಡಿದ. "ತಪ್ಪು ಅದು!"

"ಏರ್ತಿರೋದು ಮುಟ್ಟಬಹುದಾ?"

"ಅದು ಮುಟ್ಟಬಹುದು."

"ಇದೆಂಥ ನ್ಯಾಯ ಕಣೋ? ನಿಮ್ಮಜ್ಜ ಬರೆದಿದ್ದಾ?"

ಹತ್ತೊಂಬತ್ತು ವರ್ಷ ಆ ಹಾಲ್ ಗುಡಿಸಿದ್ದಳು. ಒಂದು ಆಟವನ್ನೂ ಪೂರ್ತಿ ನೋಡಿರಲಿಲ್ಲ. ಆಟ ನಡೆಯುವಾಗ ಅವಳು ಕಕ್ಕಸು ತೊಳೆಯುತ್ತಿದ್ದಳು.

ಸಂಜೆ ಮನೆಯಲ್ಲಿ ನಾದಿನಿ ಹೊಲಿಗೆ ಮಷೀನ್ ತುಳಿಯುತ್ತಾ ಕಣ್ಣಂಚಿನಲ್ಲಿ ನೋಡಿದಳು. ಗಂಡನ ತಂಗಿ, ಮದುವೆಯಾಗದವಳು, ಜೊತೆಗೇ ಇದ್ದವಳು.

"ಯಾಕೆ ಅತ್ತಿಗೆ, ಡಬ್ಬಿ ಇಳಿಸೋಕೆ ಕೈ ಮೇಲೆ ಹೋಗ್ತಿಲ್ಲ?"

"ಭುಜ ನೋವು. ಆಡಿದೆ."

"ಏನಾಡಿದ್ರಿ?"

"ಬ್ಯಾಸ್ಕೆಟ್‌ಬಾಲ್."

ಮಷೀನ್ ನಿಂತಿತು. "ಐವತ್ತೆರಡು ವರ್ಷಕ್ಕಾ? ಅಣ್ಣ ಇದ್ದಿದ್ರೆ..."

"ಇದ್ದಿದ್ರೆ ಏನು?"

ನಾದಿನಿ ಸೂಜಿಗೆ ದಾರ ಏರಿಸಲು ಹೋಗಿ ತಪ್ಪಿದಳು. "ಇದ್ದಿದ್ರೆ ಬೀದಿ ತುಂಬಾ ಹೇಳ್ಕೊಂಡು ಬರ್ತಿದ್ದ."

ಇಬ್ಬರೂ ನಕ್ಕರು. ಆಮೇಲೆ ಇಬ್ಬರೂ ಅತ್ತರು. ಅದೂ ಮುಗಿಯಿತು. ನಾದಿನಿ ಎಣ್ಣೆ ಬಿಸಿ ಮಾಡಿ ತಂದು ಅತ್ತಿಗೆಯ ಭುಜ ಉಜ್ಜಲು ಕೂತಳು. "ಅದಿರ್ಲಿ, ಚೆಂಡು ಎಷ್ಟು ತಡೆದ್ರಿ?" ಅಂತ ಕೇಳಿದಳು.

"ಹನ್ನೊಂದು."

ತಿಂಗಳಾಗುವಷ್ಟರಲ್ಲಿ ಅದು ಮೂವತ್ತಕ್ಕೆ ಏರಿತು. ಅಕ್ಕನಿಗೆ ಆ ಗಂಟೆಯ ಗುಟ್ಟು ಗೊತ್ತಾಗಿತ್ತು. ಯಾರಿಗೂ ಹೇಳಿರಲಿಲ್ಲ. ಹತ್ತು ಗಂಟೆಗೆ ನಿಂತರೆ ಹನ್ನೊಂದು ಗಂಟೆಯಾಗಿದ್ದು ತಿಳಿಯುತ್ತಿರಲಿಲ್ಲ. ಉಳಿದ ಇಪ್ಪತ್ತಮೂರು ಗಂಟೆ ಗಂಡ ಸತ್ತಿದ್ದ. ಆ ಒಂದು ಗಂಟೆ ಮಾತ್ರ ಅವನು ಸತ್ತಿರಲಿಲ್ಲ, ಬದುಕಿರಲೂ ಇಲ್ಲ. ನೆನಪಿಗೇ ಬರುತ್ತಿರಲಿಲ್ಲ. ಅವಳಿಗೆ ಬೇಕಾಗಿದ್ದುದು ಅಷ್ಟೇ. ಉದ್ದದವನು ಸಿಕ್ಕಿದ ದಿನ ಆ ಗಂಟೆ ಹೋಗುತ್ತದೆ ಅಂತಲೂ ಗೊತ್ತಿತ್ತು. ಹುಡುಕಲು ಹೋದವರು ಬರಿಗೈಯಲ್ಲಿ ಬಂದಾಗಲೆಲ್ಲ "ಅಯ್ಯೋ ಪಾಪ" ಅನ್ನುತ್ತಿದ್ದಳು. ಒಳಗೊಳಗೇ ಹಿಗ್ಗುತ್ತಿದ್ದಳು.

ಕೊನೆಗೆ ಒಬ್ಬ ಬಂದ. ಬಾಗಿಲಲ್ಲೇ ಹಣೆ ಬಡಿದುಕೊಂಡು ಬಂದ. ಏಳಡಿಗೆ ಎರಡು ಬೆರಳು ಜಾಸ್ತಿ. ಇಪ್ಪತ್ತಮೂರು ವರ್ಷದ ನಾಚಿಕೆ ಸ್ವಭಾವದವನು. ಕೈಕಾಲು ಎಲ್ಲಿಡಬೇಕು ಅಂತ ತಿಳಿಯದೆ ಗೋಡೆಗೆ ಒರಗಿ ನಿಂತ.

"ಏಣಿ ತರಿಸ್ಕೊಡಿ ಅಂತ ವರ್ಷದಿಂದ ಬಡ್ಕೋತಿದ್ದೆ," ಅಂದಳು ಅಕ್ಕ. "ಅಂತೂ ಬಂತು."

ಹುಡುಗರು ಬಿದ್ದು ಬಿದ್ದು ನಕ್ಕರು. ಅವನೂ ನಕ್ಕ. ಹೆಸರು ಏಣಿ ಅಂತಲೇ ಆಯಿತು. ಅವನನ್ನು ಎರಡು ದಿನ ನೋಡುವುದು ಎಂದಾಯಿತು. ಸರಿಬಂದರೆ ಇರುವ ಒಂದು ಜಾಗ ಅವನಿಗೆ. ಇಲ್ಲವಾದರೆ ಉದ್ದದವನ ಆಸೆ ಬಿಟ್ಟು, ದೂರದಿಂದ ಹಾಕುವವನನ್ನೇ ತೆಗೆದುಕೊಳ್ಳುವುದು.

ಮೊದಲನೇ ದಿನ ಏಣಿ ಕೆಟ್ಟದಾಗಿ ಆಡಿದ. ಗಡಿಬಿಡಿ ಚೆಂಡು ಎತ್ತಿದಂತೆ ಮಾಡಿದರೆ ಸಾಕು, ಇವನು ಹಾರುತ್ತಿದ್ದ. ಇವನು ಕೆಳಕ್ಕೆ ಬರುವಾಗ ಗಡಿಬಿಡಿ ನಿಧಾನವಾಗಿ ಚೆಂಡು ಹಾಕುತ್ತಿದ್ದ. ಹತ್ತು ಸಲ ಹಾಗೇ ಆಯಿತು. ಕೋಚ್ ಸಾರ್ ಟೊಪ್ಪಿ ತೆಗೆದು ತಲೆ ಕೆರೆದುಕೊಂಡರು.

ಏಣಿ ಎಲ್ಲಿ ತಪ್ಪುತ್ತಿದ್ದಾನೆ ಅಂತ ಅಕ್ಕನಿಗೆ ಮೂರನೇ ಸಲಕ್ಕೇ ಗೊತ್ತಾಯಿತು. ಅವನು ಚೆಂಡು ನೋಡುತ್ತಿದ್ದ. ಅವಳೂ ಮೊದಲನೇ ವಾರ ಅದನ್ನೇ ಮಾಡಿದ್ದಳು. ಹೇಳಿದರೆ ಒಂದು ಮಾತು. ಬಾಯಿ ಬಿಡಲಿಲ್ಲ. ನೆಲ ಒರೆಸಿದಳು, ಬಕೆಟ್ ನೀರು ಚೆಲ್ಲಿದಳು, ಮನೆಗೆ ಹೋದಳು.

"ಏಳಡಿಯವನು ಹೇಗೆ?" ನಾದಿನಿ ಕೇಳಿದಳು.

"ಆಗಲ್ಲ ಅನ್ಸುತ್ತೆ."

"ನಿಮಗೆ ಖುಷಿಯಾದಂಗಿದೆ."

"ನನಗ್ಯಾಕೆ ಖುಷಿ?"

"ಮುಖದಲ್ಲಿ ಕಾಣುತ್ತಲ್ಲ."

ಅಕ್ಕ ತಟ್ಟೆ ಮುಂದೆ ಕೂತಳು. ಆ ಹುಡುಗ ಹೊರಡುವಾಗ ಬೆಂಚಿನ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದುದು ಕಣ್ಣಿಗೆ ಕಟ್ಟಿತ್ತು. ಬಿಚ್ಚುತ್ತಾ ಬಿಚ್ಚುತ್ತಾ ಕೈ ನಿಂತುಹೋಗಿತ್ತು. ನನ್ನ ಒಂದು ಗಂಟೆಗಾಗಿ ಅವನ ಬದುಕಿಗೆ ಅಡ್ಡ ಹಾಕುವುದಾ? ಥೂ ಅನ್ನಿಸಿತು.

ಮರುದಿನ ಬೆಳಿಗ್ಗೆ ಏಣಿ ಎಲ್ಲರಿಗಿಂತ ಮುಂಚೆ ಬಂದಿದ್ದ. ಅಕ್ಕ ಒರೆಸುವ ಕೋಲು ಗೋಡೆಗಿಟ್ಟು ನೇರ ಹತ್ತಿರ ಹೋದಳು. ಮಾತಾಡಲು ತಲೆ ಪೂರಾ ಹಿಂದಕ್ಕೆ ವಾಲಿಸಬೇಕಾಯಿತು.

"ಬಗ್ಗು ಸ್ವಲ್ಪ. ಕತ್ತು ನೋಯುತ್ತೆ."

ಅವನು ಕುಕ್ಕರುಗಾಲಲ್ಲೇ ಕೂತ.

"ಚೆಂಡು ನೋಡ್ಬೇಡ. ಎದುರಿಗಿರೋನ ಹೊಟ್ಟೆ ನೋಡು. ಕೈ ಮೋಸ ಮಾಡುತ್ತೆ, ಕಣ್ಣು ಮೋಸ ಮಾಡುತ್ತೆ. ಹೊಟ್ಟೆ ಮೇಲೆ ಎದ್ರೆ ಮಾತ್ರ ಹಾರು. ಇಲ್ಲಾಂದ್ರೆ ಬೇರು ಬಿಟ್ಟಂಗೆ ನಿಲ್ಲು."

"ನಿಮಗೆ ಯಾರು ಹೇಳಿಕೊಟ್ರು ಅಕ್ಕ?"

"ಪೊರಕೆ."

ಹತ್ತು ಗಂಟೆಗೆ ಗಡಿಬಿಡಿ ಎಂದಿನಂತೆ ಚೆಂಡು ಎತ್ತಿದಂತೆ ಮಾಡಿದ. ಏಣಿ ಅಲ್ಲಾಡಲಿಲ್ಲ. ಇನ್ನೊಮ್ಮೆ ಮಾಡಿದ. ಅಲ್ಲಾಡಲಿಲ್ಲ. ಗಡಿಬಿಡಿ ಬೆವೆತು ನಿಜವಾಗಿ ಹಾರಿದ. ಏಣಿಯ ಅಂಗೈ ಚೆಂಡಿಗೆ ಬಿದ್ದ ಸದ್ದಿಗೆ ತೊಲೆ ಮೇಲೆ ಕೂತ ಪಾರಿವಾಳಗಳು ಹಾರಿದವು. ಆಮೇಲೆ ಒಬ್ಬೊಬ್ಬರೇ ಬಂದರು, ಒಬ್ಬೊಬ್ಬರೇ ಬರಿಗೈಯಲ್ಲಿ ಹೋದರು. ಅಕ್ಕ ಮೆಟ್ಟಿಲ ಮೇಲೆ ನಿಂತು ಎಣಿಸಿದಳು. ಹದಿನಾಲ್ಕು. ಎಣಿಸುತ್ತಾ ಎಣಿಸುತ್ತಾ ತಾನೇ ತಡೆದಷ್ಟು ಖುಷಿಯಾಯಿತು. ಅದು ಅವಳಿಗೇ ಆಶ್ಚರ್ಯ.

ಕೋಚ್ ಸಾರ್ ಅವಳ ಹತ್ತಿರವೇ ಬಂದರು. "ಆ ಜಾಗದಲ್ಲಿ ತಿಂಗಳು ನಿಂತವರು ನೀವು. ಏನಂತೀರಾ?"

"ತಗೊಳ್ಳಿ," ಅಂದಳು. "ಉದ್ದದವನು ಬೇಕು ಅಂತ ನಮ್ಮನೆಯವರು ಎಷ್ಟು ವರ್ಷ ತಲೆ ತಿಂದ್ರು. ತಗೊಳ್ಳಿ ಮತ್ತೆ."

ಏಣಿ ಅಂದೇ ಸಹಿ ಹಾಕಿದ. ಪೆನ್ನು ಅವನ ಬೆರಳ ನಡುವೆ ಕಡ್ಡಿಯಂತೆ ಕಾಣುತ್ತಿತ್ತು.

ಮರುದಿನ ಹತ್ತಕ್ಕೆ ಅಕ್ಕ ಉದ್ದ ಪೊರಕೆಯನ್ನು ಸಾಮಾನಿನ ಕೋಣೆಗೆ ಹಾಕಿ, ಹಿಂದಿನ ಮೆಟ್ಟಿಲು ತೊಳೆಯಲು ಹೋದಳು. ಮೇಲಿಂದ ಮೂರನೇ ಮೆಟ್ಟಿಲನ್ನು ನಾಲ್ಕು ಸಲ ತೊಳೆದಳು. ಆಗ ಬಾಗಿಲಲ್ಲಿ ಯಾರೋ ಹಣೆ ಬಡಿದುಕೊಂಡ ಸದ್ದಾಯಿತು.

"ಅಕ್ಕ, ಎಲ್ಲಿ ಹೋಗಿದ್ರಿ? ಬರೀ ತಡೆದ್ರೆ ಆಯ್ತಾ? ಆ ಕಡೆ ರಿಂಗಲ್ಲಿ ನಾನೂ ಚೆಂಡು ಹಾಕ್ಬೇಕಲ್ಲ."

"ಹಾಕು. ಬೇಡ ಅಂದೋರ್ಯಾರು?"

"ನನಗಿಂತ ಎತ್ತರ ಇರೋರು ಇಲ್ಲಿ ಯಾರಿದ್ದಾರೆ? ಯಾರ ಮೇಲಿಂದ ಹಾಕಿ ಕಲೀಲಿ?" ಅಂದು ಏಣಿ ಹಣೆ ಉಜ್ಜಿಕೊಂಡ. "ಕೋಚ್ ಸಾರ್ ಹೇಳಿದ್ರು, ದಿನಾ ಒಂದು ಗಂಟೆ ನಿಮ್ಮ ಜೊತೆ. ಸೀಸನ್ ಪೂರ್ತಿ."

ಅಕ್ಕ ಸೀರೆಯ ಸೆರಗಿಗೆ ಕೈ ಒರೆಸಿಕೊಂಡಳು. ಬಕೆಟ್ ಅಲ್ಲೇ ಬಿಟ್ಟಳು. ಈ ಸಲ ಕೋಲಿಗೆ ಇನ್ನೊಂದು ಮೊಳ ಬಿದಿರು ಕಟ್ಟಿಸಿದಳು. ಏಣಿ ತಿರುಗಿದ, ಚೆಂಡು ಎತ್ತಿದಂತೆ ಮಾಡಿದ, ಆಮೇಲೆ ಹಾರಿದ. ಪೊರಕೆ ಬೀಸಿ ಬಂತು. ಚೆಂಡು ಕುರ್ಚಿಗಳ ಮೂರನೇ ಸಾಲಿಗೆ ಹೋಗಿ ಬಿತ್ತು.

"ಹೋಗಿ ತಗೊಂಡ್ಬಾ," ಅಂದಳು ಅಕ್ಕ. "ನಿನ್ನ ಕಾಲೇ ಉದ್ದ."