ಕಾಲರ್ ಎತ್ತಿದ ಕಂಟ್ರೋಲರ್

ರೋಣದ ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ದತ್ತಾತ್ರೇಯರಾಯರಿಗೆ ಬಣ್ಣದ ಸಿನಿಮಾ ಕಂಡರೆ ತಲೆನೋವು. ಅವರಿಗೆ ಬೇಕಾದದ್ದು ಅಮೆರಿಕದ ಹಳೆಯ ಕಪ್ಪು ಬಿಳುಪು ಕ್ರೈಂ ಸಿನಿಮಾ: ಒದ್ದೆ ರಸ್ತೆ, ಹ್ಯಾಟಿನ ನೆರಳಲ್ಲಿ ಅರ್ಧ ಮುಖ, ಚಾಕುವಿನಂಥ ಮಾತು. "ಎದಿಗೆ ಪಿಸ್ತೂಲ್ ಹಿಡದ್ರೂ ಆ ಮಂದಿ ನಾಕ ಶಬ್ದದಾಗ ಮುಗಸ್ತಾರ್ರಿ. ನಮ್ಮವರು ನರಗುಂದದ ಬಸ್ ಹೋತೇನು ಅಂತ ಕೇಳಲಿಕ್ಕೆ ಅಜ್ಜನ ಕಾಲದಿಂದ ಸುರು ಮಾಡ್ತಾರ" ಎಂದು ಮರುಗುತ್ತಾರೆ. ಏಪ್ರಿಲ್ ಬಿಸಿಲಲ್ಲೂ ಆ ಸಿನಿಮಾದ ಪತ್ತೇದಾರರಂತೆ ಕೋಟಿನ ಕಾಲರ್ ಎತ್ತಿಕೊಂಡೇ ಮೈಕ್ ಹಿಡಿಯುತ್ತಾರೆ: "ಗಜೇಂದ್ರಗಡದ ಬಸ್ ಹೊಂಟದ. ಹತ್ತೋದು ನಿಮ್ಮ ಕೈಯಾಗ. ಸೀಟು ನಸೀಬದಾಗ." ಶೇಂಗಾ ಮಾರುವ ಬೀಬಿಜಾನ "ರಾಯರ, ಬಸ್ ಎಲ್ಲಿ ನಿಂತೈತಿ ಅಷ್ಟ ಹೇಳ್ರಿ!" ಎಂದು ಕೂಗುತ್ತಾಳೆ. ರಾಯರು ಮನೆಗೆ ಬಂದು ಬಾಗಿಲಿಗೊರಗಿ "ಈ ಊರಾಗ ಯಾರನ್ನೂ ನಂಬಬ್ಯಾಡ" ಎಂದರೆ, ಹೆಂಡತಿ ವೆಂಕೂಬಾಯಿ ತಲೆ ಎತ್ತದೆ, "ಖರೇ. ಕೊತ್ತಂಬರಿ ತರ್ತೀನಿ ಅಂದವರನ್ನೂ ನಂಬಬಾರದಿತ್ತು" ಎನ್ನುತ್ತಾಳೆ. ಇಂಥ ಡೈಲಾಗ್ ತಮಗೇಕೆ ಹೊಳೆಯುವುದಿಲ್ಲವೆಂದು ರಾಯರಿಗೆ ಊಟ ಮುಗಿಯುವತನಕ ಹೊಟ್ಟೆಕಿಚ್ಚು. ಮಗಳು ನಮ್ರತಾ ಕಾಲೇಜಿಗೆಂದು ಹುಬ್ಬಳ್ಳಿಯ ಹಾಸ್ಟೆಲ್ಲಿಗೆ ಹೊರಟ ದಿನ ಮಾತ್ರ, ವಾರದಿಂದ ಮಸೆದಿಟ್ಟ ಡೈಲಾಗ್ ಹೊರಬರಲೇ ಇಲ್ಲ. ಮೈಕಿನಲ್ಲಿ ಕೇಳಿದ್ದು ಇಷ್ಟೇ: "ಹುಬ್ಬಳ್ಳಿ ಬಸ್ ಹೊಂಟದ... ಮುಟ್ಟಿದ ಕೂಡ್ಲೆ ಫೋನ್ ಮಾಡವಾ." ಸಂಜೆ ಫೋನ್ ಬಂತು. "ಅಪ್ಪಾ, ಮುಟ್ಟಿದೆ. ಬಸ್ಸಿನಾಗಿದ್ದ ಹೆಣ್ಣಮಕ್ಕಳೆಲ್ಲಾ ಇಳದು, ನಿಂತಲ್ಲೇ ತಮ್ಮ ತಮ್ಮ ಮನಿಗೆ ಫೋನ್ ಹಚ್ಯಾರ."