ಮೋರಿ ನೋಡಿ ಜ್ವರ ಹೇಳುವವರು
ಕೊಳ್ಳೇಗಾಲದಲ್ಲಿ ಮೋರಿ ಕಂಡರೆ ಎಲ್ಲರೂ ಮೂಗು ಮುಚ್ಚುತ್ತಿದ್ದರು, ಹೆಲ್ತ್ ಇನ್ಸ್‌ಪೆಕ್ಟರ್ ಚಿಕ್ಕರಂಗಯ್ಯನವರು ಮಾತ್ರ ಬಗ್ಗಿ ನೋಡುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ಬ್ಯಾಂಡೇಜ್ ಬಟ್ಟೆಯ ಉಂಡೆಯನ್ನು ದಾರಕ್ಕೆ ಕಟ್ಟಿ ದೊಡ್ಡ ಮೋರಿಗೆ ಇಳಿಬಿಟ್ಟು, ಎರಡು ದಿನದ ಮೇಲೆ ಎತ್ತಿ, ಬಾಟಲಿಗೆ ಹಾಕಿಕೊಂಡು ತಾವೇ ಮೈಸೂರಿನ ಬಸ್ಸು ಹತ್ತುತ್ತಿದ್ದರು. "ಏನ್ ಸಾ ಅದು, ಗಬ್ಬು ನಾತ?" ಎಂದು ಕಂಡಕ್ಟರ್ ಮುಖ ಸಿಂಡರಿಸಿದರೆ, "ಊರೋರ ಜಾತಕ ಕಣಪ್ಪ" ಎನ್ನುತ್ತಿದ್ದರು. ಅಲ್ಲಿನ ಲ್ಯಾಬಿನವರು ಆ ಕೊಳಚೆಯಲ್ಲಿ ಟೈಫಾಯಿಡ್ ಕ್ರಿಮಿ ಹುಡುಕಿ, ಅದು ಯಾವ ಮಾತ್ರೆಗೆ ಸಾಯುತ್ತದೆ, ಯಾವುದಕ್ಕೆ ಸಾಯುವುದಿಲ್ಲ ಎಂದು ಬರೆದು ಕಳಿಸುತ್ತಿದ್ದರು. ವರ್ಷ ಕಳೆದಂತೆ ಕೆಲಸಕ್ಕೆ ಬಾರದ ಮಾತ್ರೆಗಳ ಪಟ್ಟಿ ಉದ್ದವಾಗುತ್ತಿತ್ತು. ಅದನ್ನು ಹಿಡಿದು ಡಾಕ್ಟರರ, ಮೆಡಿಕಲ್ ಸ್ಟೋರಿನವರ ಬಾಗಿಲು ತಿರುಗಿದರೆ ಎಲ್ಲರೂ ಟೀ ಕುಡಿಸಿ ಕಳಿಸುತ್ತಿದ್ದರು. ಮದುವೆ ಪಂಕ್ತಿಯಲ್ಲೂ "ಕಂಡ ಜ್ವರಕ್ಕೆಲ್ಲ ಮಾತ್ರೆ ನುಂಗ್ಬ್ಯಾಡಿ, ನುಂಗುದ್ರೆ ಅರ್ಧಕ್ಕೆ ಬಿಡ್ಬ್ಯಾಡಿ ಕಣ್ರಿ, ಕ್ರಿಮಿ ಅದಕ್ಕೆ ಪಳಗೋಯ್ತದೆ" ಎಂದು ಶುರುಮಾಡುತ್ತಿದ್ದುದರಿಂದ ಅವರ ಪಕ್ಕದ ಎಲೆ ಖಾಲಿಯೇ ಇರುತ್ತಿತ್ತು. ತೊಂಬತ್ತೆಂಟರ ಬೇಸಿಗೆಯಲ್ಲಿ ನೆರೆಮನೆಯ ಕೆಂಪಾಜಮ್ಮನ ಮಗಳಿಗೆ ಟೈಫಾಯಿಡ್ ಬಂದು, ಹನ್ನೆರಡು ದಿನವಾದರೂ ಜ್ವರ ಇಳಿಯದಿದ್ದಾಗ, ಆ ಪಟ್ಟಿಯನ್ನು ಡಾಕ್ಟರ ಮೇಜಿನ ಮೇಲಿಟ್ಟು ಕದಲದೆ ನಿಂತರು. ಡಾಕ್ಟರು ಔಷಧಿ ಬದಲಿಸಿದರು. ಐದನೆಯ ದಿನ ಹುಡುಗಿ ಎದ್ದು ಕೂತು ಗಂಜಿ ಕೇಳಿದಳು. ಕೆಂಪಾಜಮ್ಮ ಓಡಿಬಂದು ಅವರ ಕಾಲು ಮುಟ್ಟಿ ಒಂದು ಚೀಟಿ ಚಾಚಿದಳು: "ಆ ಮಾತ್ರೆ ಎಸ್ರು ಬರ್ಕೊಡಿ ಸಾ. ಇನ್ಮೇಲೆ ಯಾರ್ಗೆ ಮೈ ಬೆಚ್ಗಾದ್ರೂ ಅಂಗ್ಡೀಲಿ ಅದ್ನೇ ಎಲ್ಡು ತಕಂಡು ನುಂಗುಸ್ತೀನಿ." ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಮೊದಲ ಸಲ ಒಬ್ಬರು ಅವರನ್ನು ಪೂರ್ತಿ ನಂಬಿದ್ದರು. ಚಿಕ್ಕರಂಗಯ್ಯನವರು ತೆರೆದ ಪೆನ್ನು ಮುಚ್ಚಿ, ಜಗಲಿಯ ಮೇಲೆ ಕುಳಿತರು. "ಬಾರವ್ವ, ಕೂತ್ಕೊ," ಎಂದರು. "ಮೊದ್ಲಿಂದ ಯೋಳ್ತೀನಿ."