ಗೋಡೆಗೆ ನೀರು ಹಾಕಿದ ದಿನಗಳು

ಅಕ್ಕ ಕುರುಗೋಡಿನಿಂದ ನಮ್ಮ ಮನೆಗೆ ಬಂದದ್ದು ಸಾಯಲಿಕ್ಕೆ. ಹೀಗೆ ಬರೆದರೆ ಒರಟು ಅನ್ನಿಸಬಹುದು, ಆದರೆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು ಇದು, ಅಕ್ಕನಿಗೂ. ಬಳ್ಳಾರಿಯ ಡಾಕ್ಟರು ಹೊಟ್ಟೆಯ ಸ್ಕ್ಯಾನ್ ನೋಡಿ, ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ, ಕೇಳಿದ್ದನ್ನು ಕೊಡಿ ಎಂದಿದ್ದರು. ಪಾರ್ವತಿನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅವಳಿಗೆ ಮಂಚ ಹಾಕಿದೆವು. ಏನು ಬೇಕಕ್ಕಾ ಎಂದು ಕೇಳಿದೆ. ಎಳನೀರೋ ಹಣ್ಣೋ ಕೇಳುತ್ತಾಳೆ ಅಂದುಕೊಂಡಿದ್ದೆ.

"ಒಂದು ಟೀವಿ ಹಚ್ಚಿ ಕೊಡಪಾ," ಅಂದಳು. "ಆ ಹುಡಿಗಿ ಮದುವಿ ನೋಡಿ ಹೊಕ್ಕೀನಿ."

ಹುಡುಗಿ ಅಂದರೆ ಧಾರಾವಾಹಿಯ ಹುಡುಗಿ. ಅಕ್ಕ ಕುರುಗೋಡಿನ ಅರ್ಧ ಊರಿಗೆ ಕುಪ್ಪಸ ಹೊಲಿದವಳು. ಗಂಡ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಮನೆಯಲ್ಲಿ, ಹೊಲಿಗೆ ಮಷಿನ್ನಿನ ಎದುರಿಗೆ ಟೀವಿ ಇಟ್ಟುಕೊಂಡು ಹುಕ್ಕು ಹಚ್ಚುತ್ತ ನಾಲ್ಕು ವರ್ಷದಿಂದ ಆ ಹುಡುಗಿಯ ಗೋಳು ನೋಡುತ್ತಿದ್ದಳು. ಎರಡು ಸಲ ಮದುವೆ ಮುರಿದು, ಈಗ ಮೂರನೇ ಸಲ ಚಪ್ಪರ ಹಾಕಿದ್ದರಂತೆ.

ನಮ್ಮ ಹಳೇ ಟೀವಿ ಕೆಟ್ಟು ಮೂಲೆ ಸೇರಿತ್ತು. ಮರುದಿನವೇ ಹೊಸದು ತಂದೆ, ಅಕ್ಕನ ಕಣ್ಣು ಮಂಜಾಗಿದ್ದರಿಂದ ದೊಡ್ಡದನ್ನೇ ತಂದೆ. ಅಷ್ಟರವರೆಗೆ ನಾನು ಮಾಡಿದ್ದೆಲ್ಲ ಸರಿಯಾಗಿಯೇ ಇತ್ತು.

ನಾನು ಹುಟ್ಟಾ ಅಂಜುಬುರುಕ. ಗ್ಯಾಸ್ ರೆಗ್ಯುಲೇಟರನ್ನು ಮೂರು ಸಲ ಮುಟ್ಟಿ ನೋಡದೆ ಮನೆ ಬಿಟ್ಟು ಹೊರಡುವವನಲ್ಲ. ಮೇಲಾಗಿ ಸಿರುಗುಪ್ಪದ ನೆಂಟರ ಮನೆಯಲ್ಲಿ ಕಣ್ಣಾರೆ ಕಂಡಿದ್ದೆ: ಮೇಜಿನ ಮೇಲೆ ಎರಡು ಸಣ್ಣ ಕಾಲಿನ ಮೇಲೆ ನಿಂತಿದ್ದ ಇಂಥದ್ದೇ ಟೀವಿ, ಯಾರೋ ವೈರಿಗೆ ಕಾಲು ತೊಡರಿಸಿಕೊಂಡದ್ದೇ ತಡ, ಮುಂದಕ್ಕೆ ಮಗುಚಿ ಬಿದ್ದು ಆ ಮನೆಯ ಅಜ್ಜಿಯ ಪಾದ ಮುರಿದಿತ್ತು. ನಮ್ಮ ಕೋಣೆಯೋ ಇಕ್ಕಟ್ಟು. ಟೀವಿಗೆ ಜಾಗವಿದ್ದದ್ದು ಅಕ್ಕನ ಮಂಚದ ಕಾಲಕಡೆ ಮಾತ್ರ. ಬಿದ್ದರೆ ಅವಳ ಕಾಲ ಮೇಲೆಯೇ ಬೀಳಬೇಕು. ಗೋಡೆಗೇ ಹಾಕಿಸುತ್ತೇನೆ ಎಂದು ಹಟ ಹಿಡಿದೆ. ಸದ್ಯಕ್ಕೆ ಮೇಜಿನ ಮೇಲೆ ಇಡಿ, ಆಮೇಲೆ ನೋಡಿದರಾಯಿತು ಎಂದು ಹೆಂಡತಿ ಹೇಳಿದಳು. ಅಡ್ಡಮಾತು ಆಡಬೇಡ ಎಂದು ಗದರಿಸಿದೆ.

ಮೊದಲು ಬಂದವನು ಡ್ರಿಲ್ ಇಟ್ಟ ಕೂಡಲೇ ಗೋಡೆ ಪುಡಿಪುಡಿಯಾಗಿ ಉದುರಿತು. ಒಳಗೆ ಟೊಳ್ಳಿರುವ ಸಿಮೆಂಟ್ ಇಟ್ಟಿಗೆಯ ಗೋಡೆ ಅದು. ತೂತಿಗೆ ಕಟ್ಟಿಗೆಯ ಚಕ್ಕೆ ಬಡಿದು ಸ್ಕ್ರೂ ಹಾಕುತ್ತೇನೆ ಅಂದ. ಬೈದು ಕಳಿಸಿದೆ. ಎರಡನೆಯವರು ವಯಸ್ಸಾದ ಮಿಸ್ತ್ರಿ. ಬೆರಳ ಗೆಣ್ಣಿನಿಂದ ಗೋಡೆಯುದ್ದಕ್ಕೂ ಬಡಿದು ನೋಡಿ, ಆ ಭಾಗ ಒಡೆದು ಕಾಂಕ್ರೀಟ್ ತುಂಬಿ, ಬೋಲ್ಟುಗಳನ್ನು ಅದರೊಳಗೇ ಕೂರಿಸಿ, ಹತ್ತು ದಿನ ನೀರು ಹಾಕಿದ ಮೇಲೆಯೇ ಭಾರ ಹೊರಿಸಬೇಕು ಅಂದರು. ನನ್ನಷ್ಟೇ ಅಂಜುವ ಇನ್ನೊಬ್ಬ ಮನುಷ್ಯ ಸಿಕ್ಕನೆಂದು ಖುಷಿಯಾಯಿತು.

ಬೆಳಿಗ್ಗೆ ಸಂಜೆ ತಂಬಿಗೆ ಹಿಡಿದು ಗೋಡೆಗೆ ನೀರು ಹಾಕುವುದು ನನ್ನ ಕೆಲಸವಾಯಿತು. ಅಕ್ಕ ಮಲಗಿದಲ್ಲಿಂದಲೇ ನೋಡುತ್ತಿದ್ದಳು.

"ಗೋಡಿಗೆ ನೀರು ಹಾಕಿ ಏನು ಬೆಳಿ ತಗೀತೀಯೋ ತಮ್ಮಾ?" ಎಂದು ಒಮ್ಮೆ ನಕ್ಕಳು.

ನಾನೂ ನಕ್ಕೆ. ಹೆಂಡತಿ ಮೊಬೈಲಿನಲ್ಲಿ ಧಾರಾವಾಹಿ ಹಚ್ಚಿ ತೋರಿಸಿದಳು. ಅಷ್ಟು ಸಣ್ಣದರಲ್ಲಿ ಇರುವೆ ಹರಿದಾಡಿದ ಹಾಗೆ ಕಾಣುತ್ತದೆ, ಟೀವಿ ಬರಲಿ ಬಿಡು ಅಂದಳು ಅಕ್ಕ. ಮೊದಲ ವಾರ ದಿಂಬಿಗೆ ಒರಗಿ ಕೂತು ಗಂಜಿ ಕುಡಿಯುತ್ತಿದ್ದವಳು ಎರಡನೇ ವಾರಕ್ಕೆ ಚಮಚೆಯ ನೀರಿಗೆ ಇಳಿದಿದ್ದಳು. ನನಗೆ ಅದು ಕಾಣಲಿಲ್ಲ ಅಂತಲ್ಲ. ಗೋಡೆ ಮಾತ್ರ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತಿತ್ತು, ಹೆಬ್ಬೆರಳಿನಿಂದ ಒತ್ತಿದರೆ ತಿಳಿಯುತ್ತಿತ್ತು. ಆ ಕೋಣೆಯಲ್ಲಿ ಸುಧಾರಿಸುತ್ತಿದ್ದದ್ದು ಅದೊಂದೇ. ಅದಕ್ಕೇ ನಾನು ಗೋಡೆಯನ್ನು ನೋಡುತ್ತಿದ್ದೆ, ಅಕ್ಕನನ್ನು ನೋಡುತ್ತಿರಲಿಲ್ಲ.

ಹತ್ತು ದಿನ ಮುಗಿದ ಮೇಲೆ ಕರೆಂಟಿನ ಚಿಂತೆ ಹತ್ತಿತು. ಹತ್ತಿರದಲ್ಲಿ ಪ್ಲಗ್ ಇರಲಿಲ್ಲ. ಉದ್ದ ವೈರನ್ನು ನೆಲದ ಮೇಲೆ ಎಳೆದರೆ ಮತ್ತೆ ಸಿರುಗುಪ್ಪದ ಕಥೆಯೇ. ಅರ್ಥಿಂಗ್ ಕೊಟ್ಟು ಹೊಸ ಪಾಯಿಂಟ್ ಮಾಡಬೇಕಾದ ಎಲೆಕ್ಟ್ರಿಷಿಯನ್ ಸಿರುಗುಪ್ಪದ ಅಕ್ಕಿ ಗಿರಣಿಯೊಂದರ ಕೆಲಸಕ್ಕೆ ಹೋಗಿದ್ದ. ಅವನು ಬರಲು ನಾಲ್ಕು ದಿನ ಕಾದೆ. ಬೇರೆಯವನನ್ನು ಕರೆಯಬಹುದಿತ್ತು. ನನಗೆ ಬೇರೆಯವರ ಮೇಲೆ ನಂಬಿಕೆ ಇರಲಿಲ್ಲ.

ಕೊನೆಗೊಂದು ದಿನ ಮಿಸ್ತ್ರಿ ಬಂದು ಬ್ರಾಕೆಟ್ ಕೂರಿಸಿದರು. ಅದನ್ನು ಎರಡೂ ಕೈಯಿಂದ ಹಿಡಿದು, ಮಂಡಿ ಮಡಚಿ, ತಮ್ಮ ಭಾರವನ್ನೆಲ್ಲ ಅದಕ್ಕೆ ಬಿಟ್ಟು ಜೋತುಬಿದ್ದರು. ಆಮೇಲೆ ನಾನೂ ಜೋತುಬಿದ್ದೆ. ಬೋಲ್ಟು ಕೂದಲೆಳೆಯಷ್ಟೂ ಸರಿಯಲಿಲ್ಲ. ಮಲಗಿದವಳ ಕಣ್ಣಿಗೆ ನೇರವಾಗುವಂತೆ ಟೀವಿಯನ್ನು ತುಸು ಕೆಳಕ್ಕೆ ವಾಲಿಸಿ ಹಚ್ಚಿದೆವು. ಹುಡುಗಿಯ ಮದುವೆ ಮುಗಿದು ಮೂರು ದಿನವಾಗಿತ್ತು. ಗಂಡನ ಮನೆಯಲ್ಲಿ ಯಾರಿಗೋ ಕಾಫಿ ಕೊಡುತ್ತಿದ್ದಳು. ನೋಡಿ ಅಕ್ಕಾ, ನಿಮ್ಮ ಹುಡುಗಿ ಎಂದು ಹೆಂಡತಿ ಅವಳ ಕಿವಿಯ ಹತ್ತಿರ ಹೇಳಿದಳು.

ಅಕ್ಕ ಸ್ವಲ್ಪ ಹೊತ್ತು ಆ ಕಡೆ ಮುಖ ಮಾಡಿದ್ದಳು. "ಬಂದ್ ಮಾಡಪಾ," ಅಂದಳು. "ಬೆಳಕು ಕಣ್ಣಿಗೆ ಚುಚ್ಚಾಕ ಹತ್ತೈತಿ."

ಬಂದ್ ಮಾಡಿದೆ. ಮತ್ತೆ ಅವಳು ಅದನ್ನು ಕೇಳಲಿಲ್ಲ.

ಐದು ದಿನದ ಮೇಲೆ, ಬೆಳಗಿನ ಚಹಾದ ಹೊತ್ತಿಗೆ ಹೋದಳು. ಮಣ್ಣು ಕುರುಗೋಡಿನಲ್ಲೇ ಆಗಬೇಕಿತ್ತು. ಗಾಡಿ ಬರುವವರೆಗೆ ನಮ್ಮ ಮನೆಯಲ್ಲಿ ದರ್ಶನಕ್ಕೆ ಇಡಬೇಕು. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಬಾಗಿಲಿಗೆ ಎದುರಾಗಿ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ವಾಲಬಾರದೆಂದು ಬಟ್ಟೆಯಿಂದ ಗೋಡೆಯ ಮೊಳೆಗೆ ಕಟ್ಟುತ್ತಾರೆ. ಬಾಗಿಲಿಗೆ ಎದುರಾದ ಗೋಡೆ ಅದೊಂದೇ ಇತ್ತು. ಕುರುಗೋಡಿನಿಂದ ಬಂದ ಅಕ್ಕನ ಮೈದುನ ಟೀವಿಯ ಪಕ್ಕದಲ್ಲಿ ಮೊಳೆ ಹೊಡೆದರು. ಇಟ್ಟಿಗೆ ಉದುರಿ ಮೊಳೆ ಕೈಗೇ ಬಂತು. ಇನ್ನೊಂದು ಹೊಡೆದರು, ಅದೂ ಬಂತು. ಅಕ್ಕನನ್ನು ಇಬ್ಬರು ಹೆಂಗಸರು ಎರಡೂ ಕಡೆ ಹಿಡಿದುಕೊಂಡೇ ಇದ್ದರು.

ಟೀವಿಯನ್ನು ನಾನೇ ಇಳಿಸಿದೆ. ಬಿಳಿ ಬಟ್ಟೆಯ ಎರಡೂ ತುದಿಗಳನ್ನು ಬ್ರಾಕೆಟ್ಟಿನೊಳಗೆ ತೂರಿಸಿ ಗಂಟು ಹಾಕಿದವನೂ ನಾನೇ. ಮೈದುನ ಜಗ್ಗಿ ನೋಡಿದರು.

"ಭಾಳ ಗಟ್ಟಿ ಐತಿ ಬಿಡ್ರಿ," ಅಂದರು. "ಚಲೋ ಕೆಲಸ ಮಾಡ್ಸೀರಿ."

ಅವರು ಮೆಚ್ಚಿಯೇ ಹೇಳಿದ್ದು. ಮಧ್ಯಾಹ್ನ ಗಾಡಿ ಬರುವವರೆಗೂ ಅಕ್ಕ ನೆಟ್ಟಗೆ ಕೂತಿದ್ದಳು, ಯಾವ ಕಡೆಗೂ ವಾಲಲಿಲ್ಲ.

ಬ್ರಾಕೆಟ್ ಇವತ್ತಿಗೂ ಗೋಡೆಯಲ್ಲಿದೆ. ಟೀವಿ ಒಳಗಿನ ಕೋಣೆಯ ಮೇಜಿನ ಮೇಲೆ, ತನ್ನ ಎರಡು ಸಣ್ಣ ಕಾಲಿನ ಮೇಲೆ ನಿಂತಿದೆ. ವೈರು ನೆಲದ ಮೇಲೆಯೇ ಹಾದುಹೋಗಿದೆ. ಬಿದ್ದರೆ ಬೀಳಲಿ.